ಬೀಳು ಬಿಟ್ಟ ನೆಲದ ವಿಳಾಸ

ಸಂಜೆಯ ಕಾಫಿಯ ಹೊತ್ತಿಗೆ ಸರಿಯಾಗಿ ಹನ್ನೊಂದನೆಯ ಮಹಡಿಗೆ ಲಿಫ್ಟು ಬಂದು ನಿಲ್ಲುತ್ತಿತ್ತು. ಬಾಗಿಲು ತೆರೆದುಕೊಳ್ಳುತ್ತಿತ್ತು. ಒಳಗಿನಿಂದ ಯಾರೂ ಹೊರಗೆ ಬರುತ್ತಿರಲಿಲ್ಲ. ಬಂದವರು ಇಳಿಯಲೋ ಬೇಡವೋ ಎಂದು ಯೋಚಿಸುವಷ್ಟು ಹೊತ್ತು ಅದು ಹಾಗೇ ತೆರೆದು ನಿಂತಿದ್ದು, ಆಮೇಲೆ ಮುಚ್ಚಿಕೊಂಡು ಕೆಳಗಿಳಿಯುತ್ತಿತ್ತು.

ಕೇಶವಮೂರ್ತಿಗಳು ಇದನ್ನು ಗಮನಿಸಲು ಶುರುಮಾಡಿದ್ದು ಹೆಂಡತಿ ರತ್ನಪ್ರಭಾ ತೀರಿಕೊಂಡ ಮೇಲೆ. ಕೆಳಗೆ ಗೇಟಿನಲ್ಲಿ ಕೂರುವ ರಾಹುಲನನ್ನು ಕೇಳಿದರು. “ಸೆನ್ಸರ್ ಖರಾಬ್ ಹೈ ಅಂಕಲ್‌ಜೀ, ಕಂಪ್ಲೇಂಟ್ ಕರ್ ದಿಯಾ,” ಎಂದ. ರಿಪೇರಿಯವರು ಬಂದರು, ಏನನ್ನೋ ಬದಲಾಯಿಸಿ ಹೋದರು. ಮರುದಿನ ಅದೇ ಹೊತ್ತಿಗೆ ಲಿಫ್ಟು ಬಂದು ನಿಂತಿತು. ಮೂರ್ತಿಗಳು ಮತ್ತೆ ಕೇಳಲು ಹೋಗಲಿಲ್ಲ.

ಅಷ್ಟೇ ಆಗಿದ್ದರೆ ಮನಸ್ಸಿನ ಭ್ರಮೆ ಎನ್ನಬಹುದಿತ್ತು. ಬಾಗಿಲ ಮುಂದಿನ ಕಾಲೊರಸಿನ ಮೇಲೆ ಮಣ್ಣು ಬೀಳುತ್ತಿತ್ತು. ಧೂಳಲ್ಲ, ಮಣ್ಣು. ಗದ್ದೆಯಲ್ಲಿ ನಡೆದವರ ಹಿಮ್ಮಡಿಯಿಂದ ಒಣಗಿ ಉದುರುವಂಥ ಹೆಂಟೆಯ ಪುಡಿ. ಮಗಳು ಲಾವಣ್ಯಾ ಅದಕ್ಕಾಗಿ ಗಂಡ ಮಹಂತೇಶನ ಬೂಟನ್ನು ಬೈದಳು, ಕೆಲಸದವಳನ್ನು ಬೈದಳು. ಆ ಮಣ್ಣು ಯಾರ ಕಾಲಿನದೆಂದು ಮೂರ್ತಿಗಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದರು.

ಕೇಶವಮೂರ್ತಿಗಳು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಬೇಸಾಯದ ಅಂಕಿ-ಅಂಶ ಕೂಡಿಸುವ ಕೆಲಸದಲ್ಲಿ ತಮ್ಮ ಇಡೀ ಸೇವೆ ಕಳೆದವರು. ಯಾವ ರಾಜ್ಯದಲ್ಲಿ ಎಷ್ಟು ನೆಲ ಬಿತ್ತನೆಯಾಯಿತು, ಎಷ್ಟು ಬೀಳು ಬಿತ್ತು, ಎಷ್ಟು ನೆಲದ ಮೇಲೆ ಊರು ಬಂತು, ರಸ್ತೆ ಬಂತು, ಇದೇ ಅವರ ಲೆಕ್ಕ. ವಾಸಕ್ಕೆ ಲೋಧಿ ಕಾಲೋನಿಯ ಸರ್ಕಾರಿ ಮನೆ, ನೆಲಮಹಡಿ. ಹಿತ್ತಲೆಂದರೆ ಎರಡು ಮಂಚ ಹಾಕುವಷ್ಟು ಜಾಗ. ಅಲ್ಲಿ ರತ್ನಪ್ರಭಾ ಮೆಂತ್ಯ, ದಂಟು, ಕೊತ್ತಂಬರಿ ಹಾಕುತ್ತಿದ್ದಳು. ಮಣ್ಣುಗಾಲಿನಲ್ಲೇ ಒಳಗೆ ಬಂದುಬಿಟ್ಟು, ನಡುಮನೆಯಲ್ಲಿ ನೆನಪಾಗಿ, ಮತ್ತೆ ಬಾಗಿಲಿಗೆ ಹೋಗಿ ಕಾಲು ಒರಸಿಕೊಂಡು ಬರುವುದು ಅವಳ ಅಭ್ಯಾಸ. ನಿವೃತ್ತಿಯಾಗಿ ಗ್ರೇಟರ್ ನೋಯ್ಡಾದಲ್ಲಿ ಮಗಳ ಜೊತೆ ಇರಲು ಬಂದಾಗ ಅವಳಿಗೆ ಮನೆ ಹಿಡಿಸಿತು, ಎತ್ತರ ಹಿಡಿಸಲಿಲ್ಲ. “ಇಲ್ಲಿ ಕಾಲ ಕೆಳಗೆ ಹತ್ತು ಸಂಸಾರ ಇವೆ ಕಣ್ರೀ. ನೆಲ ಅವರೆಲ್ಲರ ಕೆಳಗೆ,” ಎನ್ನುತ್ತಿದ್ದಳು. ಒಂದು ಸಲ ಬಿಟ್ಟರೆ ಲಿಫ್ಟಿನಲ್ಲಿ ಒಬ್ಬಳೇ ಹತ್ತಿದವಳಲ್ಲ. ಹತ್ತಿದ ದಿನ ಗೋಡೆಗೆ ಅಂಗೈ ಒತ್ತಿಕೊಂಡು ನಿಲ್ಲುತ್ತಿದ್ದಳು.

ಹೋದ ಮಾಘದಲ್ಲಿ, ಮಂಜು ಕವಿದ ಒಂದು ಬೆಳಗ್ಗೆ, ಹೂಬತ್ತಿ ಹೊಸೆಯುತ್ತಾ ಕೂತಿದ್ದವಳು ಹಾಗೇ ಗೋಡೆಗೆ ಒರಗಿದಳು. ಕೂಗಿದರೆ ಏಳಲಿಲ್ಲ.

ಗಂಡುಮಕ್ಕಳಿಲ್ಲದ್ದರಿಂದ ಕರ್ಮವೆಲ್ಲ ಮೂರ್ತಿಗಳದೇ. ತಿಂಗಳು ತಿಂಗಳು ತಿಥಿಯಂದು ಮಾಸಿಕ ಮಾಡಿದರು. ಘಾಜಿಯಾಬಾದಿನಲ್ಲಿರುವ ಇಂದುಶೇಖರ ಭಟ್ಟರು ವಾರವೆಲ್ಲ ಒಂದು ಕಚೇರಿಯಲ್ಲಿ ಗುಮಾಸ್ತರು, ಬಿಡುವಿದ್ದಾಗ ದಿಲ್ಲಿಯ ಕನ್ನಡಿಗರಿಗೆ ಪುರೋಹಿತರು. ಅವರೇ ಬಂದು ಮಾಡಿಸುತ್ತಿದ್ದರು. ಇನ್ನು ಉಳಿದದ್ದು ವರ್ಷದ ಶ್ರಾದ್ಧ. ಅದೊಂದು ಮುಗಿದರೆ ಹೋದವರು ಹಿರಿಯರ ಸಾಲಿಗೆ ಸೇರಿ ನೆಮ್ಮದಿಯಾಗುತ್ತಾರೆ ಎಂಬುದು ಮೂರ್ತಿಗಳು ತಂದೆಯಿಂದ ಕಲಿತು ನಂಬಿಕೊಂಡು ಬಂದ ಮಾತು. ಹಾಗಿದ್ದ ಮೇಲೆ ಒಂದೂ ಮಾಸಿಕ ತಪ್ಪದೆ ಉಣಿಸಿದ ಜೀವ ಏಕೆ ಹೀಗೆ ಲಿಫ್ಟಿನಲ್ಲಿ ಹತ್ತಿ ಇಳಿಯುತ್ತಿದೆ? ಎಲ್ಲಿ ಕಡಿಮೆಯಾಯಿತು? ಅವರಿಗೆ ಅನ್ನ ರುಚಿಸದೆ ಹೋಯಿತು.

ಅಂಥ ಒಂದು ಮಧ್ಯಾಹ್ನ ಮೊಮ್ಮಗಳು ಅಮೂಲ್ಯ ಲ್ಯಾಪ್‌ಟಾಪು ಹಿಡಿದುಕೊಂಡು ಬಂದು ಅವರ ಮಂಚದ ಮೇಲೆ ಕಾಲು ಮಡಚಿ ಕೂತಳು. ಹತ್ತಿರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಳು.

“ತಾತಾ, ಸುನೋ ನಾ. ಅರೇಬಲ್ ಲ್ಯಾಂಡ್ ಅಂದ್ರೆ ಎಕ್ಸಾಕ್ಟ್‌ಲಿ ಏನು? ನಂದು ಪ್ರೆಸೆಂಟೇಶನ್ ಇದೆ. ಇಂಡಿಯಾ ಔರ್ ಜಪಾನ್, ಅರವತ್ತೊಂದರಿಂದ ಈಗಿನ್ ತನಕ.”

“ಜಪಾನೇ ಯಾಕೆ ಪುಟ್ಟಿ?”

“ಅಲ್ಲಿನ ಕಾರ್ಟೂನ್ ನೋಡ್ತೀನಲ್ಲ, ಅದಕ್ಕೆ. ಮತ್ತೆ ಚೈನಾ ಆಲ್ರೆಡಿ ಬೇರೆಯೋರು ತಗೊಂಬಿಟ್ರು.”

ಮೂರ್ತಿಗಳಿಗೆ ತಿಂಗಳುಗಳ ನಂತರ ನಗು ಬಂತು. ಕನ್ನಡಕ ಒರಸಿಕೊಂಡರು. “ಉಳುವ ನೆಲ ಅಂತ. ವರ್ಷ ವರ್ಷ ಬಿತ್ತಿ ಕೊಯ್ಯೋದು. ಮಾವಿನ ತೋಪು, ಕಾಫಿ ತೋಟ ಇದರಲ್ಲಿ ಸೇರಲ್ಲ. ಬಿತ್ತದೆ ಬೀಳು ಬಿಟ್ಟಿದ್ದರೂ ಸೇರುತ್ತೆ.”

“ಖಾಲಿ ಬಿಟ್ಟಿದ್ರೂ?”

“ಐದು ವರ್ಷದ ಒಳಗಾದರೆ. ನೆಲ ದಣಿದು ಮಲಗಿದೆ, ಏಳುತ್ತೆ ಅಂತ ಲೆಕ್ಕ. ಐದು ದಾಟಿದರೆ ಬೇರೆ ಕಾಲಮ್ಮಿಗೆ ಹೋಗುತ್ತೆ.”

“ಮತ್ಲಬ್ ಡೆಡ್.”

“ಹಾಗಂತ ಬರೆಯಲ್ಲ.”

ಅಮೂಲ್ಯ ಪರದೆಯನ್ನು ಅವರ ಕಡೆ ತಿರುಗಿಸಿದಳು. ಎರಡು ಚೌಕ, ಎರಡು ಗೆರೆ. ಜಪಾನಿನ ಗೆರೆ ಇಳಿಜಾರಿನಲ್ಲಿ ಬಿಟ್ಟ ನೀರಿನ ಹಾಗೆ ಎಡದಿಂದ ಬಲಕ್ಕೆ ಇಳಿದಿತ್ತು. ಐವತ್ತಾರು ಲಕ್ಷ ಹೆಕ್ಟೇರಿನ ಆಸುಪಾಸು ಇದ್ದದ್ದು ನಲವತ್ತರ ಹತ್ತಿರ ಬಂದು ನಿಂತಿತ್ತು. ಭಾರತದ ಗೆರೆ ನಡುವೆ ಕೊಂಚ ಉಬ್ಬಿ, ಕೊಂಚ ತಗ್ಗಿ, ಹದಿನೈದೂವರೆ ಕೋಟಿಯ ಆಸುಪಾಸಿನಲ್ಲಿ ಶುರುವಾದದ್ದು ಹೆಚ್ಚುಕಡಿಮೆ ಅಲ್ಲೇ ಮುಗಿದಿತ್ತು.

“ಜಪಾನ್ ಬೇಚಾರಾ ನೋಡಿ. ಊರಲ್ಲಿ ಬರೀ ಅಜ್ಜ ಅಜ್ಜಿ ಅಂತೆ, ಉಳೋರೇ ಇಲ್ಲ, ಹೊಲದಲ್ಲೆಲ್ಲ ಕಾಡು ಬಂದಿದೆ. ನಮ್ದು ಮಸ್ತ್ ಇದೆ. ಏನೂ ಹೋಗೇ ಇಲ್ಲ, ಹೈ ನಾ?”

ಮೂರ್ತಿಗಳು ಎದ್ದು ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋದರು. ಮಧ್ಯಾಹ್ನವಾದರೂ ಮಂಜು ಪೂರ್ತಿ ಹರಿದಿರಲಿಲ್ಲ. ಕೆಳಗೆ ನೆಲ ಕಾಣುತ್ತಿರಲಿಲ್ಲ. ಬಿಳಿಯ ಹೊಗೆಯಲ್ಲಿ ಸೊಂಟದವರೆಗೆ ಮುಳುಗಿ ಕಟ್ಟಡಗಳು ದೂರದವರೆಗೆ ನಿಂತಿದ್ದವು.

“ನಾನು ನೌಕರಿಗೆ ಸೇರಿದ ಹೊಸತರಲ್ಲಿ ಇಲ್ಲಿಗೆ ಜೀಪಲ್ಲಿ ಬಂದಿದ್ದೆ. ಈ ಕಡೆಯಿಂದ ಆ ಕಡೆಗೆ ಗೋಧಿ. ಬದುವಿನಲ್ಲಿ ಸಾಸಿವೆ. ಇದು ಹೋಗಿಲ್ಲವಾ?”

“ಹೋಯ್ತು. ಆದ್ರೆ ಲೈನಲ್ಲಿ ಯಾಕೆ ಕಾಣಲ್ಲ?”

“ಇಲ್ಲಿ ಹೋಯಿತು. ರಾಜಸ್ಥಾನದಲ್ಲೋ ಇನ್ನೆಲ್ಲೋ ಕಾಲುವೆ ಹರಿದು ಮರಳುನೆಲ ಹಸಿರಾಯಿತು. ಅದನ್ನ ಕೂಡಿಸಿದೆವು, ಇದನ್ನ ಕಳೆದೆವು. ಮೊತ್ತ ಇದ್ದಲ್ಲೇ ಇತ್ತು. ಮೊತ್ತಕ್ಕೆ ವಿಳಾಸ ಇರಲ್ಲ ಪುಟ್ಟಿ.”

“ಹಾಗಾದ್ರೆ ಇಲ್ಲಿದ್ದೋರಿಗೆ ರಾಜಸ್ಥಾನದ್ದು ಏನು ಪ್ರಯೋಜನ?” ಎಂದು ಅಮೂಲ್ಯ ಕೇಳಿದಳು. ಉತ್ತರಕ್ಕೆ ಕಾಯದೆ, ಫೋನು ಬಡಿದುಕೊಂಡಿತೆಂದು ಒಳಗೆ ಓಡಿದಳು.

ಆ ಪ್ರಶ್ನೆ ಮೂರ್ತಿಗಳ ತಲೆಯಲ್ಲಿ ಅಲ್ಲಾಡದೆ ಕೂತಿತು. ಮರುದಿನ ಬೆಳಗ್ಗೆ ಸ್ನಾನ ಮಾಡಿ ಪೂಜೆಗೆ ಕೂತರು. ಯಾವ ಕರ್ಮವಾದರೂ ಮೊದಲು ಸಂಕಲ್ಪ. ಮಾಡುವವನು ಯಾರು, ಯಾವ ಸಂವತ್ಸರದ ಯಾವ ತಿಥಿಯಲ್ಲಿ, ಭೂಮಿಯ ಯಾವ ಭಾಗದಲ್ಲಿ, ಯಾವ ನದಿಯ ಯಾವ ದಡದಲ್ಲಿ ಕೂತು ಇದನ್ನು ಮಾಡುತ್ತಿದ್ದಾನೆ ಎಂದು ಹೇಳಿಕೊಳ್ಳಬೇಕು. ಮೂರ್ತಿಗಳ ನಾಲಗೆ ಎಂದಿನಂತೆ ತನ್ನ ಪಾಡಿಗೆ ಹರಿಯಿತು: ಭರತವರ್ಷೇ, ಭರತಖಂಡೇ, ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ...

ಉದ್ಧರಣೆಯಿಂದ ಅಂಗೈಗೆ ಬಿಟ್ಟುಕೊಂಡ ನೀರು ಕೈಯಲ್ಲೇ ನಿಂತಿತು.

ಗೋದಾವರಿಯ ದಕ್ಷಿಣದ ದಡ. ಅದು ತಂದೆ ಊರಿನಲ್ಲಿ ಕೂತು ಹೇಳಿದ ವಿಳಾಸ. ಗೋದಾವರಿಯಿಂದ ತೆಂಕಣ ನೆಲವೆಲ್ಲ ಆ ದಡವೇ, ಅಲ್ಲಿಗೆ ಅದು ಸರಿ. ಅಲ್ಲಿಂದ ಕಲಿತು ಬಂದ ಮಗ ದಿಲ್ಲಿಯಲ್ಲಿ ಒಂದು ಆಯುಷ್ಯ ಕಳೆದರೂ ಅದನ್ನೇ ಹೇಳುತ್ತಾ ಬಂದಿದ್ದ. ಇಲ್ಲಿ ಗೋದಾವರಿ ಎಲ್ಲಿದೆ? ಇದು ಯಮುನೆಯ ಪೂರ್ವದ ದಡ. ಯಾವ ಜಿಲ್ಲೆಯ ನೆಲ ಯಾವ ಕಾಲಮ್ಮಿನಲ್ಲಿರಬೇಕೆಂದು ಊರಿಗೆಲ್ಲ ತಿದ್ದಿ ಕೊಡುತ್ತಿದ್ದವರು ತಾವು ಕೂತ ನೆಲ ಎಲ್ಲಿದೆ ಎಂಬುದನ್ನು ದೇವರೆದುರು ದಿನವೂ ತಪ್ಪು ಹೇಳುತ್ತಾ ಬಂದಿದ್ದರು.

ರತ್ನಪ್ರಭೆಯ ಮಾಸಿಕದಲ್ಲೂ ಅದನ್ನೇ ಹೇಳಿದ್ದರು. ಭಟ್ಟರು, “ಸಂಕಲ್ಪ ನಿಮಗೆ ಬಾಯಿಗೇ ಬರುತ್ತಲ್ಲ, ಹೇಳ್ಕೊಳ್ಳಿ,” ಎಂದು ಬಿಟ್ಟುಬಿಡುತ್ತಿದ್ದರು. ತಂದೆ ತಾಯಿಯ ಶ್ರಾದ್ಧಕ್ಕೆ ಆ ತಪ್ಪಿನಿಂದ ತೊಂದರೆಯಾಗಿರಲಾರದು, ಅವರ ಮನೆ ಇದ್ದದ್ದೇ ಆ ದಡದಲ್ಲಿ. ಕರೆದಲ್ಲಿಗೆ ಹೋಗಿ ಉಂಡು ಬಂದಿರುತ್ತಾರೆ. ರತ್ನ ಹಾಗಲ್ಲ. ಮದುವೆಯಾದ ವರ್ಷವೇ ಇವರ ಹಿಂದೆ ರೈಲು ಹತ್ತಿ ಬಂದವಳು. ಆ ದಡದಲ್ಲಿ ಅವಳನ್ನು ಬಲ್ಲವರು ಯಾರೂ ಉಳಿದಿಲ್ಲ. ಅನ್ನ ಅಲ್ಲಿ, ಅವಳು ಇಲ್ಲಿ. ತಿಂಗಳು ತಿಂಗಳು ತನ್ನ ಹೆಸರು ಕೇಳಿಸಿ ಎದ್ದು ನಿಂತು, ಹೇಳಿದ ಜಾಗ ಹುಡುಕಿಕೊಂಡು ಅಲೆದು, ಸಿಗದೆ ವಾಪಸು ಬಂದಿದ್ದಾಳೆ.

ಅವತ್ತೇ ಭಟ್ಟರಿಗೆ ಫೋನು ಮಾಡಿದರು.

ಭಟ್ಟರು ನಕ್ಕರು. “ಅಯ್ಯೋ ರಾಯರೇ, ದಿಲ್ಲಿಯಲ್ಲಿ ಮುಕ್ಕಾಲು ಜನ ಗೋದಾವರಿ ದಡದಲ್ಲೇ ಇದ್ದಾರೆ ಬಿಡಿ. ನಮ್ಮ ಪಕ್ಕದ ಬ್ಲಾಕಿನವರೊಬ್ಬರು ಕಾವೇರಿ ದಡ ಅಂತಾರೆ. ಭಾವ ಮುಖ್ಯ. ಭಗವಂತ ಸರಿಮಾಡ್ಕೋತಾನೆ.”

“ವರ್ಷದ್ದಕ್ಕೆ ತಿದ್ದಿ ಹೇಳಲಾ?”

“ತಿದ್ದಿದರೆ ಒಳ್ಳೇದೇ. ಸರಿಯಾಗಿ ಕರೆದರೆ ಸರಿಯಾಗಿ ಬರ್ತಾರೆ, ತಗೋತಾರೆ, ಹೊರಟುಹೋಗ್ತಾರೆ. ಇದು ಇರೋದೇ ಅದಕ್ಕಲ್ವೇ?”

ಫೋನು ಕೆಳಗಿಟ್ಟ ಮೇಲೆ ಆ ಕೊನೆಯ ಮಾತೇ ಕಿವಿಯಲ್ಲಿ ಉಳಿಯಿತು. ಹೊರಟುಹೋಗುತ್ತಾರೆ.

ಅಂದು ಸಂಜೆ ಲಿಫ್ಟು ಬಂದು ನಿಂತಾಗ ಮೂರ್ತಿಗಳು ಮುಂಬಾಗಿಲು ತೆರೆದು ನಿಂತಿದ್ದರು. ಲಿಫ್ಟಿನ ಒಳಗಿನ ಬೆಳಕು ಮೊಗಸಾಲೆಗೆ ಬಿತ್ತು. ಯಾರೂ ಇರಲಿಲ್ಲ. ಹಸಿ ಮೆಂತ್ಯದ ಬುಡ ಕಿತ್ತಾಗ ಬರುವ ವಾಸನೆ ಮೆಲ್ಲಗೆ ಬಂತು.

“ಬಾ, ಇದೇ ಮನೆ,” ಎಂದರು.

ವಾಸನೆ ಅವರನ್ನು ಹಾದು ಒಳಗೆ ಹೋಯಿತು. ಮೂರ್ತಿಗಳು ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿದರು, ಎರಡು ಲೋಟಕ್ಕೆ. ಮೇಜಿನ ಆಚೆ ಬದಿಗೆ ಒಂದನ್ನು ಇಟ್ಟರು. ಪರವಾಗಿಲ್ಲ ಎನಿಸಿತು. ಈ ವರ್ಷವೂ ಗೋದಾವರಿ ಎಂದೇ ಹೇಳಿದರಾಯಿತು. ಸುಳ್ಳು ಹೇಳಿದ ಹಾಗೂ ಅಲ್ಲ, ಅಭ್ಯಾಸ. ಭಟ್ಟರೇ ಭಾವ ಮುಖ್ಯ ಎಂದಿದ್ದಾರೆ. ಅವಳು ಸಂಜೆ ಸಂಜೆ ಬರಲಿ. ಬದುಕಿದ್ದಾಗಲೂ ಈ ಹೊತ್ತಿನಲ್ಲಿ ತಾವು ಆಡುತ್ತಿದ್ದ ಮಾತೆಷ್ಟು? ಎದುರು ಕೂತಿದ್ದರೆ ಸಾಕಾಗಿತ್ತು.

ಹಾಗೆ ಕೆಲವು ಸಂಜೆ ಕಳೆಯಿತು. ಮೂರ್ತಿಗಳ ಮುಖ ತಿಳಿಯಾಯಿತು. ಊಟಕ್ಕೆ ಕೂತರೆ ಎರಡನೆಯ ತುತ್ತಿಗೇ ಉಪ್ಪಿನಕಾಯಿ ಕೇಳಿದರು. ಒಂದು ದಿನ ಲಾವಣ್ಯಾ ತನ್ನ ಬ್ಯಾಂಕಿನ ಕೆಲಸದಿಂದ ಬೇಗ ಬಂದಳು. ಮೇಜಿನ ಮೇಲೆ ಎರಡು ಲೋಟ ಕಂಡಳು.

“ಅಪ್ಪಾ, ಯಾರಾದ್ರೂ ಬಂದಿದ್ರಾ?”

ಅವಳು ಅಪ್ಪನ ಮುಖ ನೋಡಿದಳು, ಲೋಟ ನೋಡಿದಳು. ಚೀಲವನ್ನೂ ಇಳಿಸದೆ ಆಚೆ ಬದಿಯ ಕುರ್ಚಿಯಲ್ಲಿ ಕೂತು ಆ ತಣ್ಣನೆಯ ಕಾಫಿಯನ್ನು ತಾನೇ ಕುಡಿದಳು. ಕುಡಿದು, “ಸಕ್ಕರೆ ಜಾಸ್ತಿ ಹಾಕಿದೀರಿ. ಅಮ್ಮಂಗೆ ಹಾಕೋ ಹಾಗೆ,” ಎಂದು ಲೋಟ ತೊಳೆಯಲು ಎದ್ದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು.

ಶ್ರಾದ್ಧದ ಹಿಂದಿನ ದಿನ ಅಮೂಲ್ಯ ಮತ್ತೆ ಬಂದಳು. ಅವಳಿಗೆ ಪ್ರೆಸೆಂಟೇಶನ್ನಿನ ಚಿಂತೆ.

“ತಾತಾ, ಒಂದು ಐಡಿಯಾ. ಜಪಾನಲ್ಲಿ ಬಿಟ್ಟುಬಿಟ್ಟ ಹೊಲ ಇದೆಯಲ್ಲ, ಅದನ್ನೆಲ್ಲ ನಾನು ಬೀಳು ಅಂತಾನೇ ಇಟ್ಕೊಂಡ್ರೆ? ಆಗ ಲೈನ್ ಅಷ್ಟು ಬೀಳಲ್ಲ. ಎರಡು ದೇಶಾನೂ ಕಂಪೇರ್ ಮಾಡೋಕೆ ಚೆನ್ನಾಗಿರುತ್ತೆ.”

“ಉಳೋರು ವಾಪಸು ಬರ್ತಾರಾ?”

“ಎಲ್ಲಿ ಬರ್ತಾರೆ. ಸತ್ತೇ ಹೋಗಿದಾರೆ.”

“ಹಾಗಿದ್ರೆ ಬೇಡ,” ಎಂದರು ಮೂರ್ತಿಗಳು, ಹಳೆಯ ಕಚೇರಿಯ ದನಿಯಲ್ಲಿ. “ಬಿಡೋಕೆ ಮನಸ್ಸಿಲ್ಲ ಅಂತ ಆ ಕಾಲಮ್ಮಿನಲ್ಲಿ ಇಟ್ಕೊಂಡು ಕೂತರೆ ನಿನ್ನ ಗೆರೆ ಚೆನ್ನಾಗಿ ಕಾಣುತ್ತೆ. ಆ ನೆಲಕ್ಕೇನು ಸಿಕ್ಕಿತು? ಅದು ಹೊಲವೂ ಅಲ್ಲ, ಕಾಡೂ ಅಲ್ಲ. ಎಲ್ಲಿಗೂ ಸೇರದ ಹಾಗೆ ನೀನೇ ಹಿಡಿದಿಟ್ಟ ಹಾಗಾಯಿತು.”

“ಅಚ್ಛಾ ಬಾಬಾ, ಸೀರಿಯಸ್ ಆಗ್ಬೇಡಿ,” ಎಂದು ಅಮೂಲ್ಯ ಅವರ ಕೆನ್ನೆ ಹಿಂಡಿ ಹೋದಳು.

ಮೂರ್ತಿಗಳು ಕೂತಲ್ಲೇ ಕೂತರು. ಹೇಳಿದ ಮಾತು ಹೊರಗೆ ಹೋಗಿ ತಿರುಗಿ ಅವರ ಕಡೆಗೇ ಬಂದಿತ್ತು. ಅದರ ಹಿಂದೆಯೇ ಅವರು ಮರೆಯಲು ಬಯಸಿದ್ದ ಒಂದು ಮಧ್ಯಾಹ್ನ ಬಂತು.

ಈ ಮನೆಗೆ ಬಂದ ಹೊಸತು. ಮೂರ್ತಿಗಳು ಮಲಗಿದ್ದರು. ಕೆಳಗೆ ತರಕಾರಿ ಗಾಡಿ ಕೂಗಿತೆಂದು ರತ್ನ ಒಬ್ಬಳೇ ಧೈರ್ಯ ಮಾಡಿ ಮೆಟ್ಟಿಲಿಳಿದು ಹೋದಳು. ಬರುವಾಗ ಮಂಡಿ ನೋವಿಗೆ ಹೆದರಿ ಲಿಫ್ಟು ಹತ್ತಿದಳು. ಯಾವ ಗುಂಡಿ ಒತ್ತಿದಳೋ, ಒಂಬತ್ತನೆಯ ಮಹಡಿಯಲ್ಲಿ ಇಳಿದಳು. ಅಲ್ಲೂ ಅದೇ ಮೊಗಸಾಲೆ, ಅದೇ ಬಣ್ಣದ ಬಾಗಿಲು. ಬೀಗದಲ್ಲಿ ಕೀಲಿ ತಿರುಗಲಿಲ್ಲ. ತಟ್ಟಿದಳು, “ರೀ” ಎಂದು ಕೂಗಿದಳು. ಒಳಗೆ ಯಾರೂ ಇರಲಿಲ್ಲ. ಮೂರ್ತಿಗಳು ಹುಡುಕಿಕೊಂಡು ಬರುವಷ್ಟರಲ್ಲಿ ಸೊಪ್ಪಿನ ಕಟ್ಟನ್ನು ಎದೆಗೊತ್ತಿಕೊಂಡು ಗೋಡೆಯ ಮೂಲೆಗೆ ನಿಂತಿದ್ದಳು. ಮುಖದಲ್ಲಿ ಬಣ್ಣವೇ ಇರಲಿಲ್ಲ. “ಎಲ್ಲಾ ಬಾಗಿಲೂ ಒಂದೇ ಥರ ಇವೆ. ನಿಮಗೆ ನಾನು ಕೂಗಿದ್ದು ಕೇಳಿಸಲಿಲ್ಲವಾ?” ಎಂದಳು. ಆ ಮುಖವನ್ನು ಅವರು ಅದಕ್ಕೆ ಮೊದಲು ಕಂಡಿರಲಿಲ್ಲ.

ಒಂದು ವರ್ಷದಿಂದ ಅವಳು ಆ ಮುಖ ಹೊತ್ತುಕೊಂಡೇ ಹತ್ತುತ್ತಿದ್ದಾಳೆ, ಇಳಿಯುತ್ತಿದ್ದಾಳೆ. ತಾವು ಎದುರು ಕೂತು ಕಾಫಿ ಕುಡಿಯುತ್ತಿದ್ದಾರೆ.

ಅಂದು ಸಂಜೆ ಲಿಫ್ಟು ಬಂದಾಗ ಮೂರ್ತಿಗಳು ಬಾಗಿಲು ತೆರೆಯಲಿಲ್ಲ. ದೇವರ ಮುಂದೆ ಕೂತು ಕಿವಿ ಮುಚ್ಚಿಕೊಂಡು ಜಪ ಮಾಡಿದರು. ಮಾಡುತ್ತಾ ಅತ್ತರು.

ಬೆಳಗ್ಗೆ ಭಟ್ಟರು ಮಂಜಿನಲ್ಲಿ ಸ್ಕೂಟರಿನಲ್ಲಿ ನಡುಗುತ್ತಾ ಬಂದರು. ಲಾವಣ್ಯಾ ಮಡಿಯುಟ್ಟು ಅಡುಗೆ ಮಾಡಿದ್ದಳು. ಬಾಳೆಲೆ, ದರ್ಭೆ, ಎಳ್ಳು ಎಲ್ಲವನ್ನೂ ಹಿಂದಿನ ದಿನವೇ ದಿಲ್ಲಿಯಿಂದ ತಂದಿಟ್ಟವನು ಮಹಂತೇಶ. ಧಾರವಾಡದ ಲಿಂಗಾಯತರ ಹುಡುಗ, ಅವರಲ್ಲಿ ಶ್ರಾದ್ಧವಿಲ್ಲ. ಮದುವೆಯ ಕಾಲದಲ್ಲಿ ಮೂರ್ತಿಗಳು ಅವನೊಡನೆ ಆರು ತಿಂಗಳು ಮಾತಾಡಿರಲಿಲ್ಲ. ಈಗ ಕಾಲುನೋವಿಗೆ ಎಣ್ಣೆ ಹಚ್ಚುವವನು ಅವನೇ.

ಭಟ್ಟರು ಸಾಮಾನು ಜೋಡಿಸುತ್ತಾ, “ರಾಯರೇ, ಯಮುನೆ ಅಂತ ತಿದ್ದೋದೇ ಆದರೆ ಇನ್ನೊಂದೂ ಮಾಡಬೇಕಾಗುತ್ತೆ,” ಎಂದರು. “ಬೇರೆಯವರ ನೆಲದಲ್ಲಿ ಶ್ರಾದ್ಧ ಮಾಡುವಾಗ ಆ ನೆಲದ ಒಡೆಯರ ಹಿರಿಯರಿಗೆ ಮೊದಲು ಅನ್ನ ಇಡಬೇಕು. ಇಡದಿದ್ದರೆ ನಮ್ಮವರಿಗೆ ಇಟ್ಟದ್ದನ್ನ ಅವರು ತಗೊಂಡುಬಿಡ್ತಾರೆ. ಇಲ್ಲಿನ ಪುರೋಹಿತರು ಬಿಡದೆ ಮಾಡಿಸ್ತಾರೆ.”

“ಈ ಮನಿ ನಮ್ಮದಲ್ಲೇನ್ರಿ?” ಎಂದ ಬಾಗಿಲಲ್ಲಿ ನಿಂತಿದ್ದ ಮಹಂತೇಶ. ತಾನೇ ಯೋಚಿಸಿ, “ಹೌದಲಾ, ತೊಂಬತ್ತು ವರ್ಷದ ಲೀಸ್ ಐತ್ರಿ. ನೆಲ ಗ್ರೇಟರ್ ನೋಯ್ಡಾ ಪ್ರಾಧಿಕಾರದ್ದು. ಹಂಗಾರ ಪ್ರಾಧಿಕಾರದ ಹಿರೇರಿಗೆ ಇಡಬೇಕೇನ್ರಿ?” ಎಂದ.

ಅಡುಗೆಮನೆಯಿಂದ ಲಾವಣ್ಯಾ ನಕ್ಕದ್ದು ಕೇಳಿಸಿತು. ಭಟ್ಟರೂ ನಕ್ಕು, “ಅವರ ಗೋತ್ರ ಯಾವುದು ಅಂತ ಹುಡುಕೋಣ ಮಹಂತೇಶ್,” ಎಂದರು.

ಮೂರ್ತಿಗಳು ನಗಲಿಲ್ಲ. ಕಾಲೊರಸಿನ ಮೇಲಿನ ಮಣ್ಣು ಅವರ ಕಣ್ಣ ಮುಂದೆ ಬಂದಿತ್ತು. ಒಂದು ಜೊತೆ ಕಾಲಿನಿಂದ ಉದುರಿದ್ದೆನ್ನಲು ಅದು ಯಾವತ್ತೂ ಸ್ವಲ್ಪ ಹೆಚ್ಚೇ ಇರುತ್ತಿತ್ತು.

“ಉತ್ತವರಿಗೆ ಇಡಿ. ಈ ಕಟ್ಟಡದ ಕೆಳಗಿನ ನೆಲವನ್ನು ಉತ್ತು ಸತ್ತವರಿಗೆ,” ಎಂದರು.

“ಹೆಸರು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂತಲೇ ಹೇಳೋಣ. ಅದಕ್ಕೂ ಮಂತ್ರ ಇದೆ. ಹೆಸರು, ಗೋತ್ರ ತಿಳಿಯದವರಿಗೆ ಅಂತ.” ಭಟ್ಟರು ಇನ್ನೊಂದು ಎಲೆ ಹಾಸಿದರು.

ಮೂರ್ತಿಗಳು ಕೈಯಲ್ಲಿ ನೀರು ಹಿಡಿದು ಸಂಕಲ್ಪ ಶುರುಮಾಡಿದರು. ಭರತವರ್ಷ, ಭರತಖಂಡ ದಾಟಿತು. ನಾಲಗೆ ತಾನಾಗಿ ಹಳೆಯ ದಾರಿಗೆ ತಿರುಗಿ, “ಗೋದಾ” ಎಂದಿತು. ನಿಂತರು. ಭಟ್ಟರು ತಲೆಯೆತ್ತಿ ನೋಡಿದರು, ನೆನಪಿಸಲು ಹೋಗಲಿಲ್ಲ. ಹಾಗೇ ಮುಂದುವರಿಸಿದರೆ ಯಾರೂ ತಪ್ಪೆನ್ನುವವರಿರಲಿಲ್ಲ. ಸಂಜೆಗೆ ಬಾಗಿಲು ತೆರೆಯಬಹುದಿತ್ತು. ಅಡುಗೆಮನೆಯಲ್ಲಿ ಸೌಟಿನ ಸದ್ದೂ ನಿಂತಿತ್ತು. ಲಾವಣ್ಯಾ ಬಾಗಿಲಿಗೆ ಬಂದು ನಿಂತು ಅಪ್ಪನನ್ನೇ ನೋಡುತ್ತಿದ್ದಳು.

“ಯಮುನಾಯಾಃ,” ಎಂದರು ಮೂರ್ತಿಗಳು. “ಪೂರ್ವೇ ತೀರೇ.” ನೀರು ಬಿಟ್ಟರು.

ಆಮೇಲೆ ನಡೆದದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಕಿಟಕಿ ಮುಚ್ಚಿತ್ತು. ಆದರೂ ಕೋಣೆಯೊಳಗೆ, ಹೊಸದಾಗಿ ನೀರು ಕಟ್ಟಿದ ಹೊಲದ ತಣ್ಣನೆಯ ವಾಸನೆ ತುಂಬಿತು. ಗೋಡೆಯುದ್ದಕ್ಕೂ ಜನ. ಕಣ್ಣಿಗೆ ಕಾಣಲಿಲ್ಲ, ಆದರೆ ತುಂಬಿದ ಮನೆಯಲ್ಲಿ ಕೂತವನಿಗೆ ಬೆನ್ನಿಗೆ ತಿಳಿಯುವ ಹಾಗೆ ತಿಳಿಯಿತು. ಮಂಡಿಯವರೆಗೆ ಮಣ್ಣಾದ ಕಾಲುಗಳು, ಕಂಬಳಿ ಹೊದ್ದ ಹೆಗಲುಗಳು. ಕರೆದದ್ದಕ್ಕೆ ಸಂಕೋಚಪಡುತ್ತಾ, ಎಷ್ಟೋ ಕಾಲದಿಂದ ಯಾರೂ ಕರೆಯದೆ ಇದ್ದವರ ಹಾಗೆ, ಅವರು ಎಲೆಯ ಕಡೆ ಬಗ್ಗಿದ್ದರು. ಇವರನ್ನೆಲ್ಲ ಮೂರ್ತಿಗ‍ಳು ಬಲ್ಲರು, ಹೆಕ್ಟೇರುಗಳಾಗಿ. ಒಂದು ವರ್ಷ ಒಂದು ಕಾಲಮ್ಮಿನಿಂದ ಕಳೆದು ಇನ್ನೊಂದಕ್ಕೆ ಕೂಡಿಸಿದ್ದರು. ಅವರ ನಡುವೆ, ತನ್ನ ಹೆಸರಿನ ಎಲೆಯ ಎದುರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರತ್ನ ಕೂತಿದ್ದಳು. ಹಸಿದವಳ ಹಾಗೆ ಉಣ್ಣುತ್ತಿದ್ದಳು. ಮೂರ್ತಿಗಳು ತಲೆ ಎತ್ತಲಿಲ್ಲ. ಭಟ್ಟರು ಹೇಳಿದ್ದನ್ನು ಹೇಳಿದರು, ಮಾಡೆಂದದ್ದನ್ನು ಮಾಡಿದರು.

ಪಿಂಡಗಳನ್ನು ನದಿಗೆ ಬಿಡಲು ಮಹಂತೇಶ ಕಾರು ತೆಗೆದ. ದಾರಿಯಲ್ಲಿ ಮಂಜು ದಟ್ಟವಾಗಿತ್ತು. ಅವನು ದೀಪ ಹಾಕಿಕೊಂಡು ನಿಧಾನವಾಗಿ ಓಡಿಸುತ್ತಾ, “ನಮ್ ಕಡೆ ಮಣ್ಣಿಗೇ ಕೊಟ್ಬಿಡ್ತೀವ್ರಿ ಮಾವಾರ. ಕೊಟ್ ಮ್ಯಾಲೆ ಅಲ್ಲೇ ಇರ್ತಾರ ಅಂತ ಗೊತ್ತಿರ್ತದ. ನಿಮ್ಮದು ಭಾಳ ಕಷ್ಟ ಐತಿ,” ಎಂದ.

“ಹೌದಪ್ಪಾ,” ಎಂದರು ಮೂರ್ತಿಗಳು.

ರಸ್ತೆ ಮುಗಿದಲ್ಲಿ ಕಾರು ನಿಂತಿತು. ಅಲ್ಲಿಂದ ಮುಂದೆ ಮೂರ್ತಿಗಳು ತಟ್ಟೆ ಹಿಡಿದು ಒಬ್ಬರೇ ನಡೆದರು. ಪ್ರವಾಹ ಇಳಿದ ಮೇಲೆ ಯಮುನೆ ಬಿಟ್ಟುಕೊಟ್ಟ ಜಾಗದಲ್ಲಿ ಯಾರೋ ಮೂಲಂಗಿ, ಗೋಧಿ ಹಾಕಿದ್ದರು. ಮುಂದಿನ ಮಳೆಗಾಲಕ್ಕೆ ನದಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಬದುವಿನ ಮೇಲೆ ಬರಿಗಾಲಿನಲ್ಲಿ ಹೆಜ್ಜೆ ಇಟ್ಟಾಗ ನೆಲ ಕಾಲಿಗೆ ಅಂಟಿತು. ನೀರು ಕಪ್ಪಾಗಿತ್ತು, ಸದ್ದಿಲ್ಲದೆ ಹರಿಯುತ್ತಿತ್ತು. ಆಚೆಯ ದಡ ಕಾಣುತ್ತಿರಲಿಲ್ಲ.

ಪಿಂಡಗಳನ್ನು ಬಿಟ್ಟು, ಎಳ್ಳುನೀರು ಬಿಟ್ಟು, ಭಟ್ಟರು ಹೇಳಿಕೊಟ್ಟಿದ್ದ ಬೀಳ್ಕೊಡುಗೆಯ ಮಾತನ್ನು ಹೇಳಿದರು. ಏಳಿರಿ, ಬಂದ ದಾರಿಯಲ್ಲಿ ಸುಖವಾಗಿ ಹೋಗಿರಿ.

ಹಿಂದೆ ಪೈರಿನಲ್ಲಿ ಸರಸರ ಸದ್ದಾಯಿತು. ಗಾಳಿ ಇರಲಿಲ್ಲ. ಬಹಳ ಜನ ಸಾಲಾಗಿ, ಬೆಳೆ ತುಳಿಯದ ಹಾಗೆ ಬದು ನೋಡಿಕೊಂಡು ನಡೆಯುವವರ ಸದ್ದು. ಅದು ಮೂರ್ತಿಗಳನ್ನು ದಾಟಿಕೊಂಡು ನೀರಿನ ಅಂಚಿಗೆ ಬಂದು, ಅಂಚಿನಗುಂಟ ಮುಂದೆ ಸಾಗಿತು. ಕೊನೆಗೆ ಒಂದು ಹೆಜ್ಜೆ ಮಾತ್ರ ಉಳಿದವರಿಗಿಂತ ನಿಧಾನವಾಗಿ ಬರುತ್ತಿತ್ತು. ಮಂಡಿ ನೋವಿನವರ ಹೆಜ್ಜೆ. ಅದು ಅವರ ಪಕ್ಕಕ್ಕೆ ಬಂದಾಗ ತಡೆಯಿತು.

ರತ್ನಾ ಎಂದು ಕರೆಯಬೇಕೆನಿಸಿತು. ಕರೆದರೆ ನಿಲ್ಲುತ್ತಾಳೆ, ನಿಂತುಬಿಡುತ್ತಾಳೆ ಎಂದು ಅವರಿಗೆ ಗೊತ್ತಿತ್ತು.

ಮೂರ್ತಿಗಳು ಹೆಗಲ ಮೇಲಿನ ಉತ್ತರೀಯದ ತುದಿಯನ್ನು ಬಾಯಿಗೆ ಒತ್ತಿಕೊಂಡು, ಆ ಹೆಜ್ಜೆ ಮತ್ತೆ ಎದ್ದು, ಉಳಿದವರನ್ನು ಕೂಡಿಕೊಂಡು, ಮಂಜಿನಲ್ಲಿ ಕೇಳಿಸದಾಗುವವರೆಗೆ ನದಿಯ ಕಡೆಗೇ ಮುಖ ಮಾಡಿ ನಿಂತರು.